ಕಾಳು ಬೇಯುವಷ್ಟು ಮಗ್ಗಿ

ಚಳಿಗಾಲ ಬಂತೆಂದರೆ ಆ ಮನೆಯ ಮಂಚದ ಮೇಲೆ ಹಗಲಿಡೀ ಹೊದ್ದು ಮಲಗುವ ಭಾಗ್ಯ ಇದ್ದದ್ದು ಒಂದು ಪಾತ್ರೆಗೆ ಮಾತ್ರ. ಮನುಷ್ಯರಿಗೆಲ್ಲಿ ಬರಬೇಕು ಆ ಪುಣ್ಯ? ಗಂಡ ಬೆಳಕು ಹರಿಯುವ ಮೊದಲೇ ಎದ್ದು, ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡಲು ಹೊರಡುತ್ತಿದ್ದ. ಹೆಂಡತಿ ಅವನ ಬೆನ್ನಿಗೇ ಪರದೆ ಹೊಲಿಯುವ ಕಾರ್ಖಾನೆಗೆ ಹೊರಡುತ್ತಿದ್ದಳು. ಒಲೆ ಹಚ್ಚಿಟ್ಟು ಮನೆಗೆ ಬೀಗ ಹಾಕುವಂತಿಲ್ಲ. ಸಂಜೆ ಬಂದು ಕಾಳು ಬೇಯಲಿಟ್ಟರೆ ಅದು ಬೇಯುವ ಹೊತ್ತಿಗೆ ತಿನ್ನುವವರು ನಿದ್ದೆ ಹೋಗಿರುತ್ತಾರೆ. ಅದಕ್ಕೇ ಅವಳು ತನ್ನ ತಾಯಿಯಿಂದ ಕಲಿತ ಉಪಾಯ ಮಾಡುತ್ತಿದ್ದಳು. ಹಿಂದಿನ ರಾತ್ರಿ ನೆನೆಸಿದ ಕೆಂಪು ಬೀನ್ಸ್ ಕಾಳು, ಆಲೂಗಡ್ಡೆ, ಕ್ಯಾರೆಟ್ಟು, ಈರುಳ್ಳಿ, ನಾಲ್ಕು ಕಾಳುಮೆಣಸು, ಎಲ್ಲವನ್ನೂ ಪಾತ್ರೆಯ ಕಂಠದವರೆಗೆ ತುಂಬಿ ಬೆಳಿಗ್ಗೆ ಒಲೆಯ ಮೇಲೆ ಕೊತಕೊತ ಕುದಿಸುವುದು. ಆಮೇಲೆ ಮುಚ್ಚಳ ಬಿಗಿದು, ಹಳೆಯ ಪೇಪರಿನಲ್ಲಿ ಸುತ್ತಿ, ಅದರ ಮೇಲೊಂದು ಉಣ್ಣೆ ಶಾಲು, ಶಾಲಿನ ಮೇಲೊಂದು ರಜಾಯಿ ಸುತ್ತಿ, ಮಂಚದ ಮೇಲೆ ದಿಂಬಿಗೆ ಒರಗಿಸಿ, ಮೇಲೆ ಕಂಬಳಿ ಹೊದಿಸುವುದು. ಒಳಗಿನ ಕಾವಿನಲ್ಲೇ ಸೂಪು ಸಂಜೆಯವರೆಗೆ ತಾನಾಗಿ ಬೇಯುತ್ತಿತ್ತು. ಬಂದು ಮುಚ್ಚಳ ತೆಗೆದರೆ ಹಬೆ ಕನ್ನಡಕಕ್ಕೆ ಹೊಡೆಯಬೇಕು, ಕಾಳು ನಾಲಿಗೆಯಲ್ಲೇ ಕರಗಬೇಕು.

"ನನ್ನ ಜಾಗದಲ್ಲಿ ಇನ್ಯಾರೋ ಮಲಗಿದಾರೆ. ನನಗಿಂತ ದಪ್ಪಗಿದಾರೆ, ನನಗಿಂತ ಬೆಚ್ಚಗಿದಾರೆ," ಎಂದು ಗಂಡ ಪ್ರತಿ ವರ್ಷದ ಮೊದಲ ಚಳಿಗೆ ಅದೇ ಹಾಸ್ಯ ಮಾಡುತ್ತಿದ್ದ. ಅವಳು ಪ್ರತಿ ವರ್ಷವೂ ನಗುತ್ತಿದ್ದಳು. ಸಂಸಾರವೆಂದರೆ ಅಷ್ಟೇ ತಾನೆ.

ಅವಳನ್ನು ಕಟ್ಟಡದವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬನಿಗೆ, ಅವಳ ಮೈದುನನಿಗೆ. ತಾಯಿ ತೀರಿಕೊಂಡಾಗ ಆ ಹುಡುಗನಿಗೆ ಎಂಟು ವರ್ಷ. ಒಂದು ಬಟ್ಟೆಯ ಗಂಟು ಹಿಡಿದು ಅಣ್ಣನ ಮನೆಗೆ ಬಂದ. ಅತ್ತಿಗೆ ಮದುವೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಗಾಳಿ ಬಂದರೆ ಹಾರಿಹೋಗುವಂತಿದ್ದ ಅವನಿಗೆ ಅವಳೇ ಕಡ್ಡಿ ಎಂದು ಹೆಸರಿಟ್ಟಳು, ಅವಳೇ ಉಣ್ಣಿಸಿ ಉಣ್ಣಿಸಿ ಆ ಹೆಸರನ್ನು ಸುಳ್ಳು ಮಾಡಿದಳು. ಈಗ ಅವನು ಎರಡು ಬಾಗಿಲಿನ ಬೀರುವಿನಷ್ಟು ಅಗಲವಾಗಿದ್ದಾನೆ. ಆದರೂ ಕಡ್ಡಿಯೇ.

ಪಾತ್ರೆ ಎಷ್ಟು ಹೊತ್ತು ಕುದಿಯಬೇಕು ಎಂಬ ಲೆಕ್ಕವೂ ಅವನದೇ. ಅವಳ ತಾಯಿ "ತಲೆ ಬಾಚಿ ಜಡೆ ಹಾಕೋವಷ್ಟು ಹೊತ್ತು ಕುದಿಸು" ಎನ್ನುತ್ತಿದ್ದಳು. ಅತ್ತಿಗೆಯ ಮನೆಯಲ್ಲಿ ಜಡೆ ಹಾಕಿಸಿಕೊಳ್ಳುವವರು ಯಾರೂ ಇರಲಿಲ್ಲ, ಗೋಡೆಯ ಗಡಿಯಾರ ಮನಸ್ಸು ಬಂದರೆ ಮಾತ್ರ ನಡೆಯುವ ಜಾತಿಯದು. ಹುಡುಗನಿಗೆ ಶಾಲೆಯಲ್ಲಿ ಮಗ್ಗಿ ಒಪ್ಪಿಸಬೇಕಿತ್ತು. ಸರಿ, ಕುದಿ ಬಂದ ಮೇಲೆ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ, ಅದೂ ಎರಡು ಸಲ, ಎಂದು ನಿಗದಿಯಾಯಿತು. ಅವನು ಒಲೆಗೆ ಬೆನ್ನು ಕಾಯಿಸಿಕೊಳ್ಳುತ್ತಾ "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು" ಎಂದು ಶುರುಮಾಡುತ್ತಿದ್ದ. ಹದಿಮೂರರ ಹತ್ತಿರ ಬಂದಾಗ ಧ್ವನಿ ಸ್ವಲ್ಪ ತಗ್ಗಿ, ಹದಿನಾಲ್ಕಕ್ಕೆ ಮತ್ತೆ ಏರುತ್ತಿತ್ತು. ಅತ್ತಿಗೆ ಓದಿದ್ದು ನಾಲ್ಕನೇ ಕ್ಲಾಸು. ಅವಳಿಗೆ ಬರುತ್ತಿದ್ದದ್ದು ಹತ್ತರ ಮಗ್ಗಿಯವರೆಗೆ. ಅದರಾಚೆಗೆ ಅವನು ಹೇಳಿದ್ದೇ ಮಗ್ಗಿ, ಅವನು ಕಲಿಸಿದ್ದೇ ವೇದ.

ಅವಳಿಗೆ ಮಕ್ಕಳಾಗಲಿಲ್ಲ. ಆ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಕಡ್ಡಿ ಇದ್ದುದರಿಂದ ಎತ್ತುವ ಅಗತ್ಯವೂ ಬೀಳಲಿಲ್ಲ.

ದೊಡ್ಡವನಾಗಿ ಕಡ್ಡಿ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಹಿಡಿದ. ಈ ಚಳಿಗಾಲಕ್ಕೆ ಸ್ವಲ್ಪ ಮುಂಚೆ, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹುಡುಗಿಯನ್ನು ಮದುವೆಯಾಗಿ ಎರಡು ಬೀದಿ ಆಚೆ, ನಾಲ್ಕನೇ ಮಹಡಿಯಲ್ಲಿ ಮನೆ ಮಾಡಿದ. ಹುಡುಗಿ ಚುರುಕು, ನಗುಮುಖ, ಮಾತು ಮಾತ್ರ ಟಿಕೆಟ್ ಹರಿದಷ್ಟು ಬೇಗ. ಅತ್ತಿಗೆ ಎದುರಿಗೆ ಅವಳನ್ನು "ಬಾಮ್ಮ" ಎನ್ನುತ್ತಿದ್ದಳು, ಮನಸ್ಸಿನಲ್ಲಿ "ಕೌಂಟರು" ಎನ್ನುತ್ತಿದ್ದಳು. ಭಾನುವಾರದ ಊಟ ಮಾತ್ರ ಅತ್ತಿಗೆಯ ಮನೆಯಲ್ಲೇ ಎಂದು ಮದುವೆಯ ದಿನವೇ ಮಾತಾಗಿತ್ತು. ಮಾತು ಮಾಡಿಸಿದವಳು ಅತ್ತಿಗೆಯೇ.

ಮೊದಮೊದಲು ಎಲ್ಲ ಸರಿಯಿತ್ತು. ಒಂದು ಭಾನುವಾರ ಕಡ್ಡಿ ಅರ್ಧ ಬಟ್ಟಲು ಸೂಪು ಬಿಟ್ಟು ಎದ್ದ.

"ಯಾಕೋ? ಉಪ್ಪು ಕಮ್ಮಿ ಆಯ್ತಾ?"

"ಇಲ್ಲ ಅತ್ತಿಗೆ, ಚೆನ್ನಾಗೇ ಇದೆ. ಬೆಳಿಗ್ಗೆ ಇವಳು ಏನೋ ಮಾಡಿದ್ಲು, ಹೊಟ್ಟೆ ತುಂಬಿಬಿಟ್ಟಿದೆ."

ಈ ಮನೆಗೆ ಬಂದಾಗಿನಿಂದ ಅವನು ಬಟ್ಟಲಲ್ಲಿ ಏನನ್ನೂ ಬಿಟ್ಟವನಲ್ಲ. ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ತಿಂದು, ತೊಳೆಯುವ ಕೆಲಸವನ್ನೇ ಉಳಿಸುತ್ತಿದ್ದವನು. ಅತ್ತಿಗೆ ಆ ಅರ್ಧ ಬಟ್ಟಲನ್ನು ಅಡುಗೆಮನೆಗೆ ಒಯ್ದು, ನಿಂತುಕೊಂಡೇ ತಾನು ಕುಡಿದಳು. ಏನೂ ತಪ್ಪಿರಲಿಲ್ಲ. ತಪ್ಪಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ವಾರ ಕೌಂಟರು ಅವರಿಬ್ಬರನ್ನೂ ತನ್ನ ಮನೆಗೆ ಕರೆದಳು. ಫೋನಿನಲ್ಲಿ ನೋಡಿ ಕಲಿತದ್ದಂತೆ, ಹುರಿದ ಕುಂಬಳಕಾಯಿಯ ಸೂಪು, ಮೇಲೊಂದು ಸುತ್ತು ಕೆನೆ. ಅತ್ತಿಗೆ ಮೊಸರಿನಲ್ಲಿ ಕಲ್ಲು ಹುಡುಕುವವರಂತೆ ಒಂದೊಂದು ಚಮಚವನ್ನೂ ಪರೀಕ್ಷಿಸಿದಳು. ಕಲ್ಲು ಸಿಗಲಿಲ್ಲ. ಸೂಪು ಚೆನ್ನಾಗಿತ್ತು. ಗಂಡ ನಾಚಿಕೆಯಿಲ್ಲದೆ ಎರಡನೇ ಬಟ್ಟಲು ಕೇಳಿದ. ಬಾಯಲ್ಲಿ "ಪರವಾಗಿಲ್ಲ, ಚೆನ್ನಾಗಿದೆ ಕಣಮ್ಮ" ಎಂದಳು ಅತ್ತಿಗೆ. ಹೊಟ್ಟೆಯಲ್ಲಿ ಉರಿ ಹತ್ತಿಕೊಂಡಿತು. ಹೊಟ್ಟೆಕಿಚ್ಚಿನಲ್ಲಿ ಅನ್ನ ಬೇಯುವಂತಿದ್ದರೆ ಆ ದಿನ ಅವಳೊಬ್ಬಳೇ ಇಡೀ ಬೀದಿಗೆ ಊಟ ಹಾಕಬಹುದಿತ್ತು.

ಸೂಪಿಗಿಂತ ಹೆಚ್ಚು ಚುಚ್ಚಿದ್ದು ಆ ಅಡುಗೆಮನೆಯ ಕಿಟಕಿ. ಕಡ್ಡಿ ಅದಕ್ಕೆ ಎರಡು ಪದರದ ಗಾಜು ಹಾಕಿ, ಸುತ್ತ ರಬ್ಬರ್ ಪಟ್ಟಿ ಕೂರಿಸಿದ್ದ. ಹೊರಗೆ ಗಾಳಿ ಹೋ ಎನ್ನುತ್ತಿದ್ದರೂ ಒಳಗೆ ಮೇಣದ ಬತ್ತಿಯ ಕುಡಿ ಅಲುಗುತ್ತಿರಲಿಲ್ಲ. ಅತ್ತಿಗೆಯ ಅಡುಗೆಮನೆಯ ಕಿಟಕಿ ಏಳು ಸಣ್ಣ ಗಾಜುಗಳದು. ಪ್ರತಿಯೊಂದರ ಕೆಳಗೂ ಸಂದಿ. ಹೋದ ಚಳಿಗಾಲದಿಂದ "ಮುಂದಿನ ವಾರ ಪಟ್ಟಿ ಹಾಕ್ತೀನಿ ಅತ್ತಿಗೆ" ಎನ್ನುತ್ತಲೇ ಇದ್ದಾನೆ. ಅವಳು ಕಾರ್ಖಾನೆಯಿಂದ ತಂದ ಪರದೆಯ ಚಿಂದಿಗಳನ್ನು ಸಂದಿಗಳಿಗೆ ತುರುಕಿಕೊಂಡು ಕಾಲ ಹಾಕುತ್ತಿದ್ದಾಳೆ. ಗಾಜಿನವನ ಮನೆಯೇ ಅಲ್ಲವೇ ಇದು, ಗಾಳಿ ಬರದೆ ಇನ್ನೇನು.

ಮನೆಗೆ ಹೋಗುವ ದಾರಿಯಲ್ಲಿ ಗಂಡ, "ಹುಡುಗಿ ಕೈ ಚೆನ್ನಾಗಿದೆ," ಎಂದ.

"ಹೂಂ, ಕೆನೆ ಸುರಿದರೆ ಚಪ್ಪಲೀನೂ ರುಚಿಯಾಗಿರುತ್ತೆ," ಎಂದಳು ಅತ್ತಿಗೆ. ಗಂಡ ಆಮೇಲೆ ಮನೆ ಮುಟ್ಟುವವರೆಗೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದ. ಲಿಫ್ಟು ಯಾವಾಗ ಮೇಲೆ ಹೋಗುತ್ತದೆ, ಯಾವಾಗ ಸಿಕ್ಕಿಕೊಳ್ಳುತ್ತದೆ ಎಂದು ತಿಳಿದ ಮನುಷ್ಯ ಅವನು.

ಹೀಗೆ ಉರಿಯುತ್ತಿರುವಾಗಲೇ ಕೌಂಟರು ತಾನಾಗಿ ಬಂದು ಎದುರಿಗೆ ಕೂತಳು. ಒಂದು ಶನಿವಾರದ ಸಂಜೆ. ಕೈಯಲ್ಲಿ ಹೊಸ ಪಾತ್ರೆ.

"ಅಕ್ಕಾ, ಪಾತ್ರೆ ಮಲಗಿಸೋದು ನಂಗೂ ಹೇಳಿಕೊಡಿ. ಸೋಮವಾರದಿಂದ ನಂಗೆ ಹಗಲಿಡೀ ಡ್ಯೂಟಿ. ಅವರು ಚಳೀಲಿ ಗಾಜು ಹಿಡಿದು ಹಿಡಿದು ಬೆರಳು ಮರಗಟ್ಟಿಸಿಕೊಂಡು ಬರ್ತಾರೆ. ಬಂದ ತಕ್ಷಣ ಬಿಸಿಬಿಸಿ ಏನಾದ್ರೂ ಸಿಗಬೇಕು. ನಾನು ಏನೇ ಮಾಡಿದ್ರೂ ಕೊನೇಗೆ 'ಅತ್ತಿಗೆ ಪಾತ್ರೆ ಸೂಪು' ಅಂತಾನೇ ಅಂತಾರೆ."

ಇಲ್ಲಿಗೇ ನಿಲ್ಲಿಸಿದ್ದರೆ ಅತ್ತಿಗೆಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಆದರೆ ಕೌಂಟರು ಮಾತು ನಿಲ್ಲಿಸುವವಳಲ್ಲ.

"ನಾನು ಕಲಿತುಬಿಟ್ರೆ ಭಾನುವಾರ ನೀವು ಕಷ್ಟಪಡೋದೂ ತಪ್ಪುತ್ತೆ. ಎಲ್ರೂ ನಮ್ಮನೇಲೇ ಊಟ ಮಾಡಬಹುದು. ನಮ್ಮ ಅಡುಗೆಮನೆ ಬೆಚ್ಚಗೂ ಇದೆ, ಅಲ್ವಾ?"

ಹುಡುಗಿ ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅತ್ತಿಗೆಗೆ ಕೇಳಿಸಿದ್ದು ಬೇರೆ. ಮೈದುನ ಹೋದ, ಭಾನುವಾರ ಹೋಯಿತು, ಈಗ ಪಾತ್ರೆಯನ್ನೂ ಕೇಳಲು ಬಂದಿದ್ದಾಳೆ. ಇಷ್ಟನ್ನೂ ಕೊಟ್ಟ ಮೇಲೆ ಕಡ್ಡಿ ಈ ಮನೆಗೆ ಯಾಕೆ ಬರುತ್ತಾನೆ? ಕಿಟಕಿಯ ಗಾಳಿ ಕುಡಿಯಲಿಕ್ಕೆ?

ಆದರೂ ಹೇಳಿಕೊಟ್ಟಳು. ಎಷ್ಟು ಚೆನ್ನಾಗಿ ಹೇಳಿಕೊಟ್ಟಳೆಂದರೆ ನೋಡಿದವರು ಕೈ ಮುಗಿಯಬೇಕು. ಕಾಳು ಇಡೀ ರಾತ್ರಿ ನೆನೆಯಬೇಕು, ನೆನೆಸಿದ ನೀರು ಚೆಲ್ಲಬೇಕು ಎಂದಳು. ಪಾತ್ರೆ ಕಂಠದವರೆಗೆ ತುಂಬಿರಬೇಕು, ಅರ್ಧ ಪಾತ್ರೆ ಬೇಗ ಆರುತ್ತೆ ಎಂದಳು. ಸಂಜೆಯವರೆಗೆ ಯಾರು ಬೇಡಿಕೊಂಡರೂ ಮುಚ್ಚಳ ತೆಗೆಯಬೇಡ ಎಂದಳು. ಸುತ್ತುವುದನ್ನು ಮಾಡಿ ತೋರಿಸಿದಳು, ತನ್ನ ಎರಡನೇ ರಜಾಯಿಯನ್ನೂ ಕಡ ಕೊಟ್ಟಳು.

"ಎಷ್ಟು ಹೊತ್ತು ಕುದಿಸಬೇಕು ಅಕ್ಕ?"

ಅತ್ತಿಗೆ ರಜಾಯಿಯ ಅಂಚನ್ನು ಮಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಗುಳ್ಳೆ ಬರುತ್ತಲ್ಲ, ಬಂದ ತಕ್ಷಣ ಇಳಿಸಿಬಿಡು. ಮಿಕ್ಕಿದ್ದು ಹಾಸಿಗೇಲೇ ಬೇಯುತ್ತೆ."

ಅಷ್ಟೇ. ಅವಳ ಲೆಕ್ಕ ಸರಳವಾಗಿತ್ತು. ಕಾಳು ಗಟ್ಟಿ ಉಳಿಯುತ್ತದೆ. ಕಡ್ಡಿ ಎರಡು ಸಲ ಅಗಿಯುತ್ತಾನೆ, ಮೂರನೆಯ ಸಲಕ್ಕೆ ಚಮಚ ಕೆಳಗಿಟ್ಟು ಅತ್ತಿಗೆಯ ಮನೆಯ ದಾರಿ ಹಿಡಿಯುತ್ತಾನೆ. ಯಾರಿಗೂ ಕೇಡಿಲ್ಲ, ಒಂದು ಪಾತ್ರೆ ಕಾಳು ದಂಡ. ಹಾಗಂದುಕೊಂಡಳು. ಬೇಯದ ಆ ಕೆಂಪು ಕಾಳು ಹೊಟ್ಟೆಗೆ ಏನು ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಅವಳ ಮನೆಯಲ್ಲಿ ಅದು ಒಂದು ದಿನವೂ ಬೇಯದೆ ಉಳಿದದ್ದಿಲ್ಲ.

ಸೋಮವಾರ ಕಾರ್ಖಾನೆಯಲ್ಲಿ ಅತ್ತಿಗೆಯ ಕೈ ಹಗುರವಾಗಿ ಓಡಿತು. ಯಾವುದೋ ಹೋಟೆಲಿನ ಕಡುಹಸಿರು ಪರದೆಗಳು, ಮಡಿಕೆಯ ಮೇಲೆ ಮಡಿಕೆ. ಪಕ್ಕದ ಮೆಷಿನ್ನಿನವಳು, "ಏನ್ ಅತ್ತಿಗೆ, ಇವತ್ತು ಮುಖ ಕಳೆಕಳೆಯಾಗಿದೆ, ಸಂಬಳ ಜಾಸ್ತಿ ಮಾಡಿದ್ರಾ?" ಎಂದಳು.

"ಸಂಜೆ ಮೈದುನ ಊಟಕ್ಕೆ ಬರ್ತಾನೆ," ಎಂದಳು ಅತ್ತಿಗೆ.

ಸಂಜೆ ಮೇಜಿನ ಮೇಲೆ ಮೂರು ಬಟ್ಟಲಿಟ್ಟಳು. ಗಂಡ ಮೂರನೆಯ ಬಟ್ಟಲು ಯಾರಿಗೆಂದು ಕೇಳಿದ. ಅವಳು ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಸೌಟು ಕೈಗೆತ್ತಿಕೊಂಡಳು. ಕೆಳಗಿನವರು ಬಂದರು, ಮೇಲಿನವರು ಬಂದರು, ಕಡ್ಡಿ ಬರಲಿಲ್ಲ. ಗಟ್ಟಿ ಕಾಳನ್ನೂ ಹೆಂಡತಿ ಮಾಡಿದ್ದೆಂದು ಕಣ್ಣಿಗೊತ್ತಿಕೊಂಡು ತಿಂದಿರುತ್ತಾನೆ, ಎಂದುಕೊಂಡಳು. ನಾನು ಮೆತ್ತಗೆ ಬೇಯಿಸಿದ್ದನ್ನು ಬಿಟ್ಟ, ಅವಳ ಕಲ್ಲನ್ನು ಅಗಿದ. ಆ ರಾತ್ರಿ ಹೊಟ್ಟೆಯ ಉರಿ ಮೊದಲಿಗಿಂತ ಹೆಚ್ಚಾಯಿತು. ಬೇಯದ ಕಾಳಿಗೂ ತಾನು ಸಾಟಿಯಾಗಲಿಲ್ಲವಲ್ಲ ಎಂದು ಮಗ್ಗುಲು ಬದಲಾಯಿಸಿದಳು.

ಬೆಳಿಗ್ಗೆ ಗಂಡನ ಫೋನು ಬಡಿದುಕೊಂಡಿತು. ಅವನು ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದೇ ಮಾತಾಡಿದ. "ಯಾವಾಗ? ಇಬ್ಬರಿಗೂನಾ? ಈಗ ಹೇಗಿದಾನೆ?" ಫೋನಿಟ್ಟು ಹೆಂಡತಿಯ ಕಡೆ ತಿರುಗಿದ.

"ರಾತ್ರಿಯೆಲ್ಲ ವಾಂತಿಯಂತೆ. ಆಸ್ಪತ್ರೆಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಈಗ ಮನೆಗೆ ಬಂದಿದಾರೆ. ಅವಳು ಸ್ವಲ್ಪ ತಿಂದಿದ್ಲಂತೆ, ಇವನು ಎರಡು ಬಟ್ಟಲು. ಆ ಕೆಂಪು ಕಾಳು ಚೆನ್ನಾಗಿ ಕುದೀದೆ ಇದ್ರೆ ವಿಷವಂತೆ, ಡಾಕ್ಟ್ರು ಹೇಳಿದ್ರಂತೆ. ನಿಂಗೊತ್ತಿತ್ತಾ?"

"ಇಲ್ಲ," ಎಂದಳು. ಅದು ನಿಜವೇ. ಆದರೆ ನಿಜವೂ ಕೆಲವು ಸಲ ಕಳ್ಳನ ಪರವಾಗಿ ಸಾಕ್ಷಿ ಹೇಳುತ್ತದೆ.

ಕಾರ್ಖಾನೆಗೆ ಹೋಗಲಿಲ್ಲ. ತೆಳ್ಳಗೆ ಗಂಜಿ ಕಾಯಿಸಿ ಡಬ್ಬಿಗೆ ತುಂಬಿ, ಶಾಲಿನಲ್ಲಿ ಸುತ್ತಿಕೊಂಡು ಹೊರಟಳು. ಎರಡು ಬೀದಿಯ ದಾರಿ ಎರಡು ಊರಿನಷ್ಟಾಯಿತು. ನಾಲ್ಕನೇ ಮಹಡಿಯ ಬಾಗಿಲು ತೆರೆದ ಕೌಂಟರು ಬಿಳಚಿಕೊಂಡಿದ್ದಳು, ಕಣ್ಣು ಊದಿಕೊಂಡಿತ್ತು.

"ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ಎಲ್ಲಿ ತಪ್ಪಿದೆನೋ ಗೊತ್ತಿಲ್ಲ. ಡಾಕ್ಟ್ರು ಎಷ್ಟು ಹೊತ್ತು ಕುದಿಸಿದ್ರಿ ಅಂತ ಕೇಳಿದ್ರು. ನಾನು ಬಾಯಿ ಬಿಡೋ ಮೊದ್ಲೇ ಇವರು, 'ನಾನೇ ಮಧ್ಯದಲ್ಲಿ ಒಲೆ ಆರಿಸಿಬಿಟ್ಟೆ, ತಪ್ಪು ನಂದು' ಅಂದ್ಬಿಟ್ರು. ಸುಳ್ಳು ಅಕ್ಕ. ಇವರು ಆಗ ಇನ್ನೂ ಮಲಗಿದ್ರು. ನನ್ನ ಮರ್ಯಾದೆ ಉಳಿಸೋಕೆ ಹಾಗಂದ್ರು."

ನಿನ್ನ ಮರ್ಯಾದೆಯೋ, ನನ್ನದೋ? ಅಂಥ ಹೊತ್ತಿನಲ್ಲೂ ಅತ್ತಿಗೆಯ ಮನಸ್ಸು ಮೊದಲು ಕೇಳಿದ್ದು ಅದನ್ನೇ. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕಡ್ಡಿ ಒಳಗೆ ಮಲಗಿದ್ದ. ಕಡ ಕೊಟ್ಟ ರಜಾಯಿಯನ್ನು ಅವನ ಮೇಲೇ ಹೊದಿಸಿದ್ದರು. ಬೀರುವಿನಂಥ ಆಳು ಒಂದು ರಾತ್ರಿಯಲ್ಲಿ ಮತ್ತೆ ಕಡ್ಡಿಯಾದಂತೆ ಕಂಡ. ಅತ್ತಿಗೆ ಮಂಚದ ಅಂಚಿನಲ್ಲಿ ಕೂತು ಹಣೆ ಮುಟ್ಟಿದಳು. ಅವನು ಕಣ್ಣು ತೆರೆದು, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದ ಹೆಂಡತಿಗೆ ಕೇಳಿಸದಂತೆ ಕೇಳಿದ:

"ಅತ್ತಿಗೆ, ಅವಳಿಗೆ ಮಗ್ಗಿ ವಿಷ್ಯ ಹೇಳಲಿಲ್ವಾ?"

ಅತ್ತಿಗೆ ಹಣೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಕಾಳು ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು. ಎಷ್ಟು ಕುದಿಸಿದೆ ಅಂತ ಕೇಳ್ದೆ. ಗುಳ್ಳೆ ಬಂದ ತಕ್ಷಣ ಇಳಿಸು ಅಂತ ಅಕ್ಕ ಹೇಳಿದ್ರು ಅಂದ್ಲು. ಬಿಟ್ರೆ ಅವಳಿಗೆ ಬೇಜಾರಾಗುತ್ತೆ ಅಂತ ತಿಂದೆ." ಸ್ವಲ್ಪ ಉಸಿರು ತೆಗೆದುಕೊಂಡ. "ನಿಂಗೆ ಮರೆತುಹೋಗಿರುತ್ತೆ. ಅಲ್ವಾ?"

ಎಷ್ಟು ಒಳ್ಳೆಯ ದಾರಿ ತೋರಿಸಿದ ನೋಡಿ. ಹೂಂ ಎಂದರೆ ಮುಗಿಯಿತು. ವಯಸ್ಸಾಯಿತು ಕಣೋ, ಮರೆವು ಎಂದು ತಲೆ ಚಚ್ಚಿಕೊಂಡರೆ ಎಲ್ಲರೂ ಸಮಾಧಾನ ಮಾಡುತ್ತಿದ್ದರು. ಆದರೆ ಆ ಮಗ್ಗಿಯನ್ನು ಮರೆಯಲು ಸಾಧ್ಯವೇ? ಅವನು ಮದುವೆಯಾಗಿ ಹೋದ ಮೇಲೂ ದಿನಾ ಬೆಳಿಗ್ಗೆ ಒಲೆಯ ಮುಂದೆ ಒಬ್ಬಳೇ ನಿಂತು, ಅವನ ರಾಗದಲ್ಲೇ ಅದನ್ನು ಹೇಳಿಕೊಳ್ಳುತ್ತಿದ್ದವಳು ಅವಳು.

"ಮರೀಲಿಲ್ಲ ಕಣೋ," ಎಂದಳು.

ಕಡ್ಡಿ ಗೋಡೆಯ ಕಡೆ ಮಗ್ಗುಲಾದ.

ಅಡುಗೆಮನೆಯಲ್ಲಿ ಕೌಂಟರು ಆ ಹೊಸ ಪಾತ್ರೆಯನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. "ಇದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ ಅಕ್ಕ. ನನ್ನ ಕೈಗೆ ಅಡುಗೆ ಆಗಿಬರಲ್ಲ. ಗಂಡನಿಗೆ ವಿಷ ಹಾಕಿದ ಕೈ ಇದು," ಎಂದು ಮತ್ತೆ ಅಳತೊಡಗಿದಳು. ಮನೆಯಿಡೀ ಬೆಚ್ಚಗಿತ್ತು. ಅತ್ತಿಗೆ ಅವಳ ಕೈಯಿಂದ ಪಾತ್ರೆ ತೆಗೆದು ಪಕ್ಕಕ್ಕಿಟ್ಟಳು.

"ನಿನ್ನ ಕೈಯಲ್ಲ. ನನ್ನ ಬಾಯಿ," ಎಂದಳು. "ಗುಳ್ಳೆ ಬಂದ ಮೇಲೆ ಎರಡು ಸಲ ಮಗ್ಗಿ ಹೇಳೋವಷ್ಟು ಕುದಿಸಬೇಕು. ಗೊತ್ತಿದ್ದೂ ಹೇಳಲಿಲ್ಲ. ಕಾಳು ಗಟ್ಟಿಯಾದ್ರೆ ಅವನು ನಮ್ಮನೆಗೆ ಊಟಕ್ಕೆ ಬರ್ತಾನೆ ಅಂದ್ಕೊಂಡೆ. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ. ಆದ್ರೆ ಕೆಡಲಿ ಅಂತಾನೇ ಹೇಳ್ದೆ."

ಕೌಂಟರು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಒಳಗೆ ಹೋದಳು, ಗಂಡನ ಮೇಲಿದ್ದ ರಜಾಯಿಯನ್ನು ತೆಗೆದು ತಮ್ಮ ಕಂಬಳಿ ಹೊದಿಸಿದಳು, ರಜಾಯಿಯನ್ನು ನಾಲ್ಕು ಮಡಿಕೆ ಮಾಡಿ ತಂದು ಅತ್ತಿಗೆಯ ತೋಳಿನ ಮೇಲಿಟ್ಟಳು. ಬಾಗಿಲು ತೆರೆದು ಹಿಡಿದಳು. ಗಂಜಿಯ ಡಬ್ಬಿಯನ್ನೂ ರಜಾಯಿಯ ಮೇಲಿಟ್ಟಳು.

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಕೇಳಲು ಚೆನ್ನಾಗಿರುತ್ತದೆ. ಆ ದಿನ ಮಧ್ಯಾಹ್ನ ಅತ್ತಿಗೆ ಆರಿದ ಗಂಜಿಯನ್ನು ತಾನೇ ಉಂಡಳು.

ಭಾನುವಾರ ಬಂತು. ಪಾತ್ರೆ ಮಲಗಿಸಿದ್ದಳು, ಬರುತ್ತಾರೆಂಬ ನಂಬಿಕೆಯಿಂದಲ್ಲ, ಅಭ್ಯಾಸದಿಂದ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕಡ್ಡಿ ನಿಂತಿದ್ದ, ಒಬ್ಬನೇ.

ಎಷ್ಟು ದಿನದಿಂದ ಬೇಡಿಕೊಂಡಿದ್ದು ಇದನ್ನೇ ಅಲ್ಲವೇ? ಕೌಂಟರಿಲ್ಲದ ಭಾನುವಾರ, ಹಳೆಯ ಕಾಲದ ಹಾಗೆ ಮೇಜಿಗೆ ಮೂರೇ ಬಟ್ಟಲು. ಅವನು ಸೂಪು ಪೂರ್ತಿ ಕುಡಿದ, ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿದ. ಅಣ್ಣ ಎರಡು ಸಲ ಹವಾಮಾನದ ವಿಷಯ ತೆಗೆದು ಸೋತ. ಅತ್ತಿಗೆಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡಾಯಿತು.

ಊಟವಾದ ಮೇಲೆ ಕಡ್ಡಿ ಚೀಲದಿಂದ ಅಳತೆಯ ಟೇಪು, ರಬ್ಬರ್ ಪಟ್ಟಿಯ ಸುರುಳಿ ತೆಗೆದ. ಸಂದಿಗಳಿಂದ ಚಿಂದಿಗಳನ್ನೆಲ್ಲ ಕಿತ್ತ. ಒಂದು ಗಾಜಿನ ಕೆಳಗೆ ಟೇಪು ಹಿಡಿದು "ಹದಿಮೂರಂಗುಲ" ಎಂದುಕೊಂಡು, ತುಟಿಯಲ್ಲೇ ಏನೋ ಲೆಕ್ಕ ಹಾಕಿ, ಸುರುಳಿಯಿಂದ ಉದ್ದ ಅಳೆದು ಕತ್ತರಿಸಿದ. ಆಮೇಲೆ ತುಂಡು ಮಾಡಿ ಒಂದೊಂದೇ ಸಂದಿಗೆ ಕೂರಿಸುತ್ತಾ ಹೋದ. ಹೋದ ವರ್ಷದಿಂದ ಕಾದಿದ್ದ ಕೆಲಸ. ಅತ್ತಿಗೆ ಅವನ ಬೆನ್ನು ನೋಡುತ್ತಾ ನಿಂತಳು. ಹಳೆಯ ಬಾಕಿ ತೀರಿಸಿ ಕೈ ತೊಳೆದುಕೊಳ್ಳುವವರು ಹೀಗೆಯೇ ಬೆನ್ನು ತಿರುಗಿಸಿ ಕೆಲಸ ಮಾಡುತ್ತಾರೆ ಎಂದು ಅನ್ನಿಸಿತು. ಇದಕ್ಕಿಂತ ಗಾಳಿಯೇ ವಾಸಿಯಿತ್ತು.

ಏಳನೆಯ ಗಾಜಿಗೆ ಬಂದಾಗ ಪಟ್ಟಿ ಎರಡು ಅಂಗುಲ ಸಾಲದೆ ಹೋಯಿತು. ಸುರುಳಿಯೂ ಮುಗಿದಿತ್ತು.

"ಎಲ್ಲೋ ಲೆಕ್ಕ ತಪ್ಪಿತು," ಎಂದ ಕಡ್ಡಿ. "ಇನ್ನೊಂದ್ಸಲ ತರ್ತೀನಿ." ಯಾವಾಗ ಎಂದು ಹೇಳಲಿಲ್ಲ. ಅವನು ಹೋದ ಮೇಲೆ ಅತ್ತಿಗೆ ಆ ಎರಡು ಅಂಗುಲದ ಸಂದಿಗೆ ಮತ್ತೆ ಚಿಂದಿ ತುರುಕಿದಳು.

ಮರುದಿನ ಅವಳು ಕಾರ್ಖಾನೆಗೆ ಹೊರಡುವ ಬದಲು, ರಜಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಬೆಳಕು ಹರಿಯುವ ಮೊದಲೇ ನಾಲ್ಕನೇ ಮಹಡಿ ಹತ್ತಿದಳು. ಬಾಗಿಲು ತೆರೆದದ್ದು ಕೌಂಟರು, ಡ್ಯೂಟಿಯ ಕೋಟು ತೊಟ್ಟಾಗಿತ್ತು. ಒಳಗೆ ಕಡ್ಡಿಯ ಗೊರಕೆ ಕೇಳುತ್ತಿತ್ತು.

"ಬೈದುಬಿಡು. ಇಲ್ಲಾಂದ್ರೆ ಪಾತ್ರೆ ಇಡು. ಎರಡ್ರಲ್ಲಿ ಒಂದು ಮಾಡು," ಎಂದಳು ಅತ್ತಿಗೆ. "ಸುಮ್ನಿದ್ರೆ ನಂಗೆ ತಡೆಯೋಕಾಗಲ್ಲ."

ಕೌಂಟರು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಬೈಯೋದು ತುಂಬ ಇದೆ. ಬಸ್ಸಿಗೆ ಹೊತ್ತಾಗುತ್ತೆ," ಎಂದಳು. ಆಮೇಲೆ ಅಡುಗೆಮನೆಗೆ ನಡೆದಳು. ಪಾತ್ರೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಮೂಲೆಯಲ್ಲಿ ಒಂದು ಬೋಗುಣಿ ಕಾಳು ರಾತ್ರಿಯೇ ನೆನೆದು ಉಬ್ಬಿತ್ತು. ಅತ್ತಿಗೆ ಅದರ ನೀರು ಚೆಲ್ಲಿ, ಕಾಳನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು.

ಕುದಿ ಬಂತು. ಕೌಂಟರು ಕೈ ಕಟ್ಟಿಕೊಂಡು ದೂರ ನಿಂತಳು. ಅತ್ತಿಗೆ ಗಂಟಲು ಸರಿಮಾಡಿಕೊಂಡು, ನಾಚಿಕೆಯಿಂದ ಒಲೆಯ ಕಡೆ ಮುಖ ಮಾಡಿ ಶುರುಮಾಡಿದಳು. ಎರಡರದು, ಮೂರರದು, ಹತ್ತರದು. ಹನ್ನೊಂದು, ಹನ್ನೆರಡು ದಾಟಿದವು. ಹಬೆ ಕನ್ನಡಕಕ್ಕೆ ಹೊಡೆಯಿತು.

"ಹದಿಮೂರಾರ್ಲಿ ಎಪ್ಪತ್ತೆಂಟು. ಹದಿಮೂರೇಳ್ಲಿ ಎಂಬತ್ತೊಂಬತ್ತು. ಹದಿಮೂರೆಂಟ್ಲಿ..."

"ತೊಂಬತ್ತೊಂದು," ಎಂದಳು ಕೌಂಟರು.

"ಏನು?"

"ಹದಿಮೂರೇಳ್ಲಿ ತೊಂಬತ್ತೊಂದು. ದಿನಾ ಟಿಕೆಟ್ ಲೆಕ್ಕ ಹಾಕ್ತೀನಿ ನಾನು."

"ಅವನು ಎಂಬತ್ತೊಂಬತ್ತು ಅಂತಿದ್ದ. ಎಂಟು ವರ್ಷದವನಿದ್ದಾಗಿಂದ."

"ಈಗ್ಲೂ ಹಾಗೇ ಅಂತಾರೆ," ಎಂದಳು ಕೌಂಟರು. ಅವಳ ಬಾಯಿಯ ಒಂದು ಕೊನೆ ನಡುಗಿತು. "ಈ ಕಿಟಕಿಗೂ ಪಟ್ಟಿ ಎರಡಂಗುಲ ಕಮ್ಮಿ ತಂದಿದ್ರು. ನಾನು ಹೇಳಿದ ಮೇಲೆ ಮತ್ತೆ ಹೋಗಿ ತಂದ್ರು."

ಅತ್ತಿಗೆಗೆ ತನ್ನ ಏಳನೆಯ ಗಾಜು ನೆನಪಾಯಿತು. ಏಳು ಗಾಜು, ಒಂದೊಂದಕ್ಕೆ ಹದಿಮೂರು ಅಂಗುಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ತನ್ನ ಮನೆಯಲ್ಲಿ ಇಷ್ಟು ವರ್ಷ ಯಾರಿಗೂ ತಿಳಿಯದ ಅವನ ತಪ್ಪನ್ನು ಈ ಹುಡುಗಿ ಬಂದ ಮೊದಲ ಚಳಿಗಾಲದಲ್ಲೇ ಹಿಡಿದಿದ್ದಾಳೆ, ಹಿಡಿದು ತಿದ್ದಿಯೂ ಇದ್ದಾಳೆ. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಈ ಉರಿ ಆರುವುದಲ್ಲವೆಂದು ಅತ್ತಿಗೆಗೆ ಗೊತ್ತಾಯಿತು, ಆದರೆ ಈ ಸಲ ಅದರ ಮೇಲೆ ಯಾವ ಪಾತ್ರೆಯನ್ನೂ ಇಡಬಾರದು ಎಂದೂ ಗೊತ್ತಾಯಿತು.

"ಮುಂದಿನದು ನೀನು ಹೇಳು," ಎಂದಳು.

ಕೌಂಟರು ಹದಿನಾಲ್ಕರಿಂದ ಇಪ್ಪತ್ತರವರೆಗೆ ಒಂದೇ ಉಸಿರಿಗೆ ಒದರಿ ಮುಗಿಸಿದಳು, ಕೊನೆಯ ಬಸ್ಸಿಗೆ ಟಿಕೆಟ್ ಕೊಟ್ಟ ಹಾಗೆ.

"ಅಷ್ಟು ಬೇಗ ಹೇಳಿದ್ರೆ ಕಾಳು ಬೇಯಲ್ಲ ಕಣಮ್ಮ," ಎಂದಳು ಅತ್ತಿಗೆ. "ಮೊದಲಿಂದ ಹೇಳು. ನಿಧಾನ."

ಹುಡುಗಿ ಕೋಟಿನ ಗುಂಡಿ ಬಿಚ್ಚಿ, ಒಲೆಯ ಹತ್ತಿರ ಬಂದು ನಿಂತು, ಎರಡೊಂದ್ಲಿ ಎರಡು ಎಂದು ಶುರುಮಾಡಿದಳು.